ಸೈಕಲ್ಲಿನ ಮೇಲೆ ಮಡಿಲಕ್ಕಿ

ಸೈಕಲ್ಲಿನಲ್ಲಿ ಊರೂರು ಸುತ್ತುವವರು ಏನೇನು ಜೊತೆಗಿಟ್ಟುಕೊಳ್ಳಬೇಕು ಎಂದು ನನ್ನ ಮಗಳು ಫೋನಿನಲ್ಲಿ ಹುಡುಕಿ ಒಂದು ಪಟ್ಟಿ ಕಳಿಸಿದ್ದಳು. ಪಂಚರ್ ಸಾಮಾನು, ಗಾಳಿ ಹೊಡೆಯುವ ಪಂಪು, ಸಣ್ಣ ಟಾರ್ಚು, ಗ್ಲೂಕೋಸು, ತೆಳು ಬಟ್ಟೆ. ತೂಕ ಕಡಿಮೆಯಾದಷ್ಟೂ ಸವಾರಿ ಸಲೀಸು ಎಂದು ಕೊನೆಯಲ್ಲಿ ಬರೆದಿತ್ತು. ಬರೆದವರು ಯಾರೋ ಗೊತ್ತಿಲ್ಲ, ನಂಜನಗೂಡು, ಟಿ. ನರಸೀಪುರದ ಕಡೆ ಸೈಕಲ್ ತುಳಿದವರಂತೂ ಅಲ್ಲ. ತುಳಿದಿದ್ದರೆ, ಹೆಂಗಸರು ಹೊರಡುವಾಗ ಒಂದು ದೊಡ್ಡ ಖಾಲಿ ಚೀಲ ಇಟ್ಟುಕೊಳ್ಳಿ ಎಂದು ಎಲ್ಲಕ್ಕಿಂತ ಮೊದಲು ಬರೆಯುತ್ತಿದ್ದರು.

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು, ಅದರಲ್ಲೂ ಆ ಸೀಮೆಯಲ್ಲೇ ಹುಟ್ಟಿ ಬೇರೆ ಊರಿಗೆ ಕೊಟ್ಟ ಹೆಣ್ಣುಮಗಳನ್ನು, ಬರಿಮಡಿಲಲ್ಲಿ ಕಳಿಸುವ ಪದ್ಧತಿಯಿಲ್ಲ. ಹೊರಟು ನಿಂತವಳನ್ನು ತಡೆದು ಕೂರಿಸಿ, ಕುಂಕುಮ ಕೊಟ್ಟು, ಅವಳ ಸೆರಗಿಗೆ ಸೇರೋ ಎರಡು ಸೇರೋ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ, ಬಾಳೆಹಣ್ಣು ಸುರಿದು ಕಳಿಸುತ್ತಾರೆ. ಇದೇ ಮಡಿಲಕ್ಕಿ. ಬೇಡ ಎನ್ನುವಂತಿಲ್ಲ. ಬಸ್ಸಿಗೆ ಬಂದಿದ್ದೇನೆ ಎಂದರೂ, ಕಾರಿಗೆ ಬಂದಿದ್ದೇನೆ ಎಂದರೂ, ಸೈಕಲ್ಲಿಗೆ ಬಂದಿದ್ದೇನೆ ಎಂದರೂ ಅಕ್ಕಿಯ ಅಳತೆ ಬದಲಾಗುವುದಿಲ್ಲ. ಗಂಡ ತೀರಿಕೊಂಡವಳಿಗೆ ಮಾತ್ರ ಇದು ಇಲ್ಲ. ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಟ್ಟೆಯೋ ಮೊರವೋ ಒಳಗಿನಿಂದ ಬರುವ ಹೊತ್ತಿಗೆ ಅವಳೇ ಏನೋ ಕೆಲಸ ನೆನೆಸಿಕೊಂಡು ಎದ್ದು ಹೋಗಿರುತ್ತಾಳೆ.

ನಾನು ಹೇಳಹೊರಟಿರುವುದು ನಾನೂ ನನ್ನ ಅಕ್ಕನೂ ಸಂಕ್ರಾಂತಿ ಕಳೆದ ಮೇಲೆ ಮಾಡಿದ ಸೈಕಲ್ ಪ್ರವಾಸದ ವಿಷಯ. ಅಕ್ಕನಿಗೆ ಅರವತ್ತೊಂದು, ನನಗೆ ಐವತ್ತೈದು. ಅವಳು ನಂಜನಗೂಡಿನಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದು ನಿವೃತ್ತಳಾದವಳು, ತಾಳ್ಮೆಯೇ ಕಸುಬು. ನಾನು ಮೈಸೂರಿನಲ್ಲಿ ಒಂದು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನರ ಮೇಲೆ ರೇಗುವವಳು. ಭಾವ ಹೋಗಿ ನಾಲ್ಕು ವರ್ಷವಾಗಿತ್ತು. ನಿವೃತ್ತಿಯಾದ ಮಾರನೇ ತಿಂಗಳೇ ಅಕ್ಕ ಒಂದು ಗೇರ್ ಸೈಕಲ್ ಕೊಂಡಳು. ನನ್ನ ಕೈಯಲ್ಲೂ ಒಂದು ಕೊಳ್ಳಿಸುವ ತನಕ ಬಿಡಲಿಲ್ಲ. ನಿನ್ನ ಎರಡು ಮಂಡಿಗೂ ಸೇರಿ ನೂರ ಹತ್ತು ವರ್ಷ, ಬಿದ್ದರೆ ಎತ್ತಲು ಯಾರನ್ನು ಕರೆಯುತ್ತೀರಿ ಎಂದು ನನ್ನ ಯಜಮಾನರು ಕೇಳಿದರು. ಬೀಳುವುದಿಲ್ಲ ಎಂದು ರೇಗಿದೆ. ಆ ವಾರವೇ ಕುವೆಂಪುನಗರದ ಒಂದು ಉಬ್ಬಿನ ಮೇಲೆ ಬಿದ್ದೆ, ಅವರಿಗೆ ಹೇಳಲಿಲ್ಲ.

ಮೂರು ದಿನದ ಸವಾರಿ. ಮೊದಲ ದಿನ ನಂಜನಗೂಡಿನಿಂದ ಸುತ್ತೂರಿನ ಮೇಲೆ ನರಸೀಪುರ. ಎರಡನೇ ದಿನ ತಲಕಾಡು, ಮುಡುಕುತೊರೆ ನೋಡಿಕೊಂಡು ಮತ್ತೆ ನರಸೀಪುರ. ಮೂರನೇ ದಿನ ವಾಪಸು. ಗಡಿಬಿಡಿ ಮಾಡಬಾರದು, ಏರು ಬಂದರೆ ಇಳಿದು ತಳ್ಳುವುದು, ಎಳನೀರು ಕಂಡರೆ ನಿಲ್ಲುವುದು ಎಂದು ಅಕ್ಕ ಷರತ್ತು ಹಾಕಿದ್ದಳು. ದಾರಿಯನ್ನು ಅವಳೇ ಒಂದು ಹಾಳೆಯ ಮೇಲೆ ಬರೆದಿದ್ದಳು. ಪಾಠದ ಟಿಪ್ಪಣಿ ಬರೆದಷ್ಟು ಅಚ್ಚುಕಟ್ಟಾಗಿತ್ತು.

ಹೊರಟ ಬೆಳಿಗ್ಗೆ ನಮ್ಮ ವೇಷ ನೋಡಬೇಕಿತ್ತು. ಅಕ್ಕ ಪ್ಯಾಂಟು, ತುಂಬುತೋಳಿನ ಕುರ್ತಾ ಹಾಕಿ, ಬಿಸಿಲಿಗೂ ಬೆವರಿಗೂ ಇರಲಿ ಎಂದು ಹುಬ್ಬಿನ ತನಕ ಬರುವಂತೆ ತಲೆಗೆ ಬಟ್ಟೆ ಕಟ್ಟಿ, ಅದರ ಮೇಲೆ ಹೆಲ್ಮೆಟ್ ಇಟ್ಟಿದ್ದಳು. ಅವಳು ದಿನಾ ಇಡುವ ವಿಭೂತಿ ಆ ಬಟ್ಟೆಯ ಅಡಿಗೆ ಹೋಗಿತ್ತು. ಸೈಕಲ್ ಬೀಗದ ಕೀಲಿಯನ್ನು ಕಳೆದುಕೊಳ್ಳುವುದು ಅವಳ ಹಳೇ ಚಾಳಿ, ಅದಕ್ಕೇ ಸಿಹಿ ಡಬ್ಬಿಗೆ ಕಟ್ಟಿ ಬಂದಿದ್ದ ಹಳದಿ ದಾರಕ್ಕೆ ಕೀಲಿ ಪೋಣಿಸಿ ಕತ್ತಿಗೆ ಹಾಕಿಕೊಂಡು ಕುರ್ತಾದೊಳಗೆ ಇಳಿಬಿಟ್ಟಿದ್ದಳು. ನಾನು ಸರಗಳ್ಳರಿಗೆ ಹೆದರಿ ಮಾಂಗಲ್ಯದ ಸರವನ್ನು ಮನೆಯಲ್ಲೇ ಬೀರುವಿನಲ್ಲಿಟ್ಟು ಬಂದಿದ್ದೆ. ಹಣೆಗೆ ಅಂಟಿಸಿದ್ದ ಸ್ಟಿಕ್ಕರು ತಾಸಿನೊಳಗೆ ಬೆವರಿಗೆ ಬಿಟ್ಟುಕೊಂಡು ಹೆಲ್ಮೆಟ್ಟಿನ ಸ್ಪಂಜಿಗೆ ಹತ್ತಿಕೊಂಡಿತ್ತು. ಅದನ್ನು ಕಿತ್ತು ಮತ್ತೆ ಹಣೆಗೆ ಒತ್ತಿಕೊಳ್ಳುವುದು ಎರಡು ಸಲ ಮಾಡಿ ಸಾಕಾಗಿ ಬಿಟ್ಟುಬಿಟ್ಟೆ.

ಕಪಿಲೆಯ ಮೇಲೆ ಇನ್ನೂ ಮಂಜು ಇತ್ತು. ದೇವಸ್ಥಾನದ ಮುಂದೆ ನಿಂತು ಅಲ್ಲಿಂದಲೇ ಕೈಮುಗಿದು, ಬೀದಿಯ ತುದಿಯಲ್ಲಿ ಕಾಫಿ ಕುಡಿದು ಹೊರಟೆವು. ಊರು ದಾಟಿದರೆ ನಾಲೆ, ಭತ್ತ ಕೊಯ್ದ ಗದ್ದೆ, ಬಾಳೆ, ಕಬ್ಬು. ಬಸ್ಸಿನಲ್ಲಿ ಹೋಗುವಾಗ ಈ ದಾರಿ ಮಟ್ಟಸ ಎಂದುಕೊಂಡಿದ್ದೆ, ಅದು ಸುಳ್ಳು. ಪ್ರತಿ ಊರಿಗೂ ಒಂದು ಏರು, ಒಂದು ಇಳಿಜಾರು ಇದೆ ಎಂದು ನನ್ನ ತೊಡೆಗಳು ಹೇಳಿದವು. ಅಲ್ಲಲ್ಲಿ ರಸ್ತೆಯ ಅರ್ಧಕ್ಕೆ ಹುರುಳಿ ಗಿಡ ಹರಡಿದ್ದರು. ಲಾರಿ, ಬಸ್ಸು ಹರಿದರೆ ಕಾಳು ಬಿಡುತ್ತದೆ, ಕಣ ಮಾಡುವ ಕೆಲಸ ಉಳಿಯುತ್ತದೆ. ನಾವೂ ಅದರ ಮೇಲೆ ಹೋಗಹೊರಟರೆ ಕಣ ಕಾಯುತ್ತಿದ್ದ ಅಜ್ಜ ಕೋಲಿನಲ್ಲಿ ಪಕ್ಕಕ್ಕೆ ತೋರಿಸಿದ. ನಮ್ಮ ಭಾರಕ್ಕೆ ಒಂದು ಕಾಳೂ ಬಿಡುವುದಿಲ್ಲವಂತೆ, ಜಾರಿ ಬಿದ್ದರೆ ಅವನ ಮೇಲೆ ಬರುತ್ತದಂತೆ. ನನ್ನ ಭಾರದ ಬಗ್ಗೆ ಯಾರಾದರೂ ಹಾಗೆಂದದ್ದು ಅದೇ ಮೊದಲು, ಖುಷಿಯಾಯಿತು.

ಸುತ್ತೂರಿಗೆ ಮುಂಚೆ ಅಕ್ಕನ ಜೊತೆ ಕೆಲಸ ಮಾಡಿದ್ದ ಟೀಚರೊಬ್ಬರ ಮನೆ ಸಿಕ್ಕಿತು. ಗೇಟಿನಲ್ಲೇ ನಿಂತಿದ್ದವರು ನಮ್ಮನ್ನು ಕಂಡು ಬಿಡಲಿಲ್ಲ. ಉಪ್ಪಿಟ್ಟು ತಿಂದೆವು, ಮಾತಾಡಿದೆವು. ಹೊರಡುವಾಗ ಅವರು ಒಳಗಿನಿಂದ ತಟ್ಟೆ ತರುತ್ತಿದ್ದಂತೆ ಅಕ್ಕ ಟೈರಿನ ಗಾಳಿ ನೋಡುತ್ತೇನೆಂದು ಹೊರಗೆ ಹೋದಳು. ಅಷ್ಟು ಹೊತ್ತಿಗೆ ಅವಳು ಗಾಳಿ ನೋಡಿದ್ದು ಅದು ಮೂರನೇ ಸಲ, ಎಲ್ಲದರಲ್ಲೂ ಅತಿ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ನನಗೆ ಸಿಕ್ಕ ಎರಡು ಸೇರು ಅಕ್ಕಿಯನ್ನು ಅಕ್ಕನ ಸೈಕಲ್ಲಿಗೇ ಕಟ್ಟಿದೆವು. ಅವಳದು ಗಟ್ಟಿ ಕ್ಯಾರಿಯರ್. ನನ್ನ ಮಡಿಲಕ್ಕಿಯನ್ನು ಅವಳು ತುಳಿದುಕೊಂಡು ಬಂದಳು. ಹಿಂದೆ ಬರುತ್ತಿದ್ದ ನಾನು ಗಂಟು ಅಲ್ಲಾಡುವುದನ್ನು ನೋಡುತ್ತ ಹಾಡು ಗುನುಗುತ್ತಿದ್ದೆ.

ಸಂಜೆಗೆ ನರಸೀಪುರ. ಲಾಡ್ಜಿನಲ್ಲಿ ಸೈಕಲ್ಲುಗಳನ್ನು ಮೆಟ್ಟಿಲ ಕೆಳಗೆ ನಿಲ್ಲಿಸಲು ಒಪ್ಪಿದರು. ಕಾಲು ತೊಳೆದು, ಎರಡು ಹೊಳೆ ಕೂಡುವ ಕಡೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ಕಾಲು ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು. ಹೀಗೆ ಇಬ್ಬರೇ ಕೂತು ಎಷ್ಟು ವರ್ಷವಾಗಿತ್ತೋ, ನಾನಂತೂ ಬಹಳ ಸುಖವಾಗಿದ್ದೆ. ಆಗಲೇ ನನಗೆ ಅತ್ತೆಯ ನೆನಪಾದದ್ದು.

ಅತ್ತೆಯೆಂದರೆ ಅಪ್ಪನ ತಂಗಿ, ನಮ್ಮ ಸೋದರತ್ತೆ. ಎಂಬತ್ತನಾಲ್ಕು ವರ್ಷ. ಸೋಸಲೆಗೆ ಹತ್ತಿರದ ಒಂದು ಊರಿನಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಮಾವ ಹೋಗಿ ಮೂವತ್ತು ವರ್ಷವಾಯಿತು. ನಮ್ಮೂರಿನಲ್ಲಿ ಹೈಸ್ಕೂಲು ಇರಲಿಲ್ಲವಾದ್ದರಿಂದ ಅಕ್ಕ ಮೂರು ವರ್ಷ ಅವಳ ಮನೆಯಲ್ಲಿದ್ದು ಓದಿದಳು. ಮಾವನ ಗಂಡಸರ ಸೈಕಲ್ಲಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿ ಅಕ್ಕ ಸೈಕಲ್ ಕಲಿತದ್ದೂ ಆ ಮನೆಯ ಮುಂದೆಯೇ. ಕ್ಯಾರಿಯರ್ ಹಿಡಿದು ಹಿಂದೆ ಓಡಿದವಳು ಅತ್ತೆ. ಸೀರೆ ಎತ್ತಿಕಟ್ಟಿ ಬೀದಿಯಲ್ಲಿ ಓಡಿದಳು ಎಂದು ಊರವರು ಆಡಿಕೊಂಡದ್ದಕ್ಕೆ ಮಾರನೇ ದಿನ ಇನ್ನೂ ದೂರ ಓಡಿದಳಂತೆ. ಅಕ್ಕನಿಗೆ ಅವಳು ಅವ್ವನಿಗಿಂತ ಒಂದು ಕೈ ಹೆಚ್ಚು.

ನಾಳೆ ಕಾವೇರಿ ಸೇತುವೆ ದಾಟಿ ಸೋಸಲೆ ಕಡೆಯಿಂದಲೇ ಮುಡುಕುತೊರೆಗೆ ಹೋಗೋಣ, ಅತ್ತೆಯನ್ನೂ ನೋಡಿದಂತಾಗುತ್ತದೆ ಎಂದೆ. ಅಕ್ಕ ಹಾಳೆ ತೆಗೆದು ತೋರಿಸಿದಳು. ಹೆಮ್ಮಿಗೆ ಸೇತುವೆಯ ಮೇಲೆ ತಲಕಾಡು, ಆಮೇಲೆ ಮುಡುಕುತೊರೆ, ಮತ್ತೆ ಬಂದ ದಾರಿಯಲ್ಲೇ ವಾಪಸು ಎಂದು ಬರೆದಿತ್ತು. ಸೋಸಲೆ ಕಡೆಯ ರಸ್ತೆ ಗುಂಡಿ ಬಿದ್ದು ಹಾಳಾಗಿದೆ ಎಂದಳು. ಟೀಚರು ಹೇಳಿದ ಮೇಲೆ ಮುಗಿಯಿತು.

ಬೆಳಿಗ್ಗೆ ಹೋಟೆಲಿನಲ್ಲಿ ನಮ್ಮ ಮೇಜಿಗೇ ಬಂದು ಕೂತ ಬಸ್ ಕಂಡಕ್ಟರು ಹೆಲ್ಮೆಟ್ಟುಗಳನ್ನು ನೋಡಿ ಎಲ್ಲಿಗೆ ಎಂದು ವಿಚಾರಿಸಿದ. ಸೋಸಲೆ ಕಡೆ ರಸ್ತೆ ಕೆಟ್ಟಿದೆಯಂತಲ್ಲ ಎಂದೆ.

“ಯಾರ್ ಏಳಿದ್ದು ಮೇಡಮ್ಮು? ಓದ್ ತಿಂಗ್ಳೇ ಟಾರ್ ಆಕವ್ರೆ. ದಿನಾ ನಾಕ್ ಟ್ರಿಪ್ ಓಯ್ತೀವಿ ನಾವು.”

ಅಕ್ಕ ಇಡ್ಲಿಯನ್ನು ಚಟ್ನಿಯಲ್ಲಿ ಅದ್ದುತ್ತಲೇ ಇದ್ದಳು. ಹೊರಗೆ ಬಂದ ಮೇಲೆ ನಾನು ಕೌಂಟರಿನ ದನಿ ತೆಗೆದೆ. ನಾಲ್ಕು ವರ್ಷದಿಂದ ಅತ್ತೆಯ ಮುಖ ನೋಡಿಲ್ಲ, ಮನೆಯ ಹತ್ತಿರಕ್ಕೆ ಬಂದು ಸುಳ್ಳು ಹೇಳಿ ಸುತ್ತುಹಾಕಿ ಹೋಗುತ್ತೀಯ, ಅವಳೇನು ನೂರು ವರ್ಷ ಇರುತ್ತಾಳಾ ಎಂದೆಲ್ಲ ಕೇಳಿದೆ. ಅಕ್ಕ ಸೈಕಲ್ ಬೀಗ ತೆಗೆದು, ಕೀಲಿಯನ್ನು ಮತ್ತೆ ಕುರ್ತಾದೊಳಗೆ ಬಿಟ್ಟುಕೊಂಡಳು.

“ಬೇರೆಯವರ ಮನೇಲಿ ತಟ್ಟೆ ಬಂದಾಗ ಎದ್ದು ಹೋಗೋದು ಅಭ್ಯಾಸ ಆಗಿದೆ ಕಣೇ. ಅತ್ತೆ ಮನೇಲೂ ಎದ್ದು ಹೋಗಬೇಕು ಅಂದ್ರೆ ನನ್ನ ಕೈಲಾಗಲ್ಲ. ಅದಕ್ಕೇ ಹೋಗಲ್ಲ.”

ಆಗ ನಾನು ಅವಳ ಕೈ ಹಿಡಿಯಬೇಕಿತ್ತು. ಅದು ಬಿಟ್ಟು, ಒಂದು ಹಿಡಿ ಅಕ್ಕಿಗೆ ಇಷ್ಟೆಲ್ಲಾನಾ ಎಂದುಬಿಟ್ಟೆ. ಅಕ್ಕ ಸೈಕಲ್ ಹತ್ತಿದಳು. ಅವಳ ಹಾಳೆಯ ದಾರಿಯಲ್ಲೇ ಹೋದೆವು.

ಹೆಮ್ಮಿಗೆಯ ತನಕ ಅವಳು ತಿರುಗಿ ನೋಡದೆ ತುಳಿದಳು. ಸೇತುವೆಯ ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ಬಂಡೆಗಳ ನಡುವೆ ಹೊಳೆ ತೆಳ್ಳಗೆ ಹರಿಯುತ್ತಿತ್ತು, ಬುಟ್ಟಿದೋಣಿಯೊಂದರಲ್ಲಿ ಇಬ್ಬರು ಬಲೆ ಬಿಡಿಸುತ್ತಿದ್ದರು. ಅಕ್ಕನೇ ಮೊದಲು ನಿಂತು, ಅಲ್ಲಿ ನೋಡೇ ಎಂದು ತೋರಿಸಿದಳು. ಅವಳ ಸಿಟ್ಟು ಒಂದು ಸೇತುವೆಯ ಉದ್ದಕ್ಕಿಂತ ಹೆಚ್ಚು ಇರುವುದಿಲ್ಲ. ತಲಕಾಡಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ನಡೆದೆವು. ಮರಳಿನಿಂದ ಎತ್ತಿ ತೆಗೆದ ದೇವಸ್ಥಾನಗಳನ್ನು ಇಳಿದು ನೋಡಿದೆವು. ಅಕ್ಕ ಶಾಲೆಯ ಮಕ್ಕಳನ್ನು ಇಲ್ಲಿಗೆ ಕರೆತಂದ ಕತೆಗಳನ್ನು ಹೇಳಿದಳು, ಒಂದು ಸಲ ಮರಳಲ್ಲಿ ಎಂಟು ಜೊತೆ ಚಪ್ಪಲಿ ಕಳೆದುಹೋಗಿದ್ದವಂತೆ.

ತಲಕಾಡಿನಿಂದ ಮುಡುಕುತೊರೆಗೆ ಹೋಗುವ ನಡುವೆ ಒಂದು ಸಣ್ಣ ಊರಿನ ಏರಿನಲ್ಲಿ ಅಕ್ಕನ ಸೈಕಲ್ಲಿನ ಚೈನು ಕಳಚಿಕೊಂಡಿತು. ರಸ್ತೆ ಬದಿಯ ಮನೆಯ ಜಗಲಿಯಲ್ಲಿ ಐವತ್ತರ ಒಬ್ಬ ಹೆಂಗಸು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಅಕ್ಕ ಗ್ಲೌಸು ತೆಗೆದು ಚೈನು ಹಾಕುವುದನ್ನು ನೋಡಿ, ನೆರಳಿಗೆ ಬನ್ನಿ ಎಂದು ಕರೆದರು. ಚೈನು ಕೂತ ಮೇಲೆ ಹೋಗಿ ಜಗಲಿಯ ಅಂಚಿನಲ್ಲಿ ಕೂತೆವು. ನಾನು ಸೆಕೆಗೆ ಹೆಲ್ಮೆಟ್ ತೆಗೆದೆ. ಎರಡೂ ಕೈ ಮಸಿಯಾಗಿದ್ದರಿಂದ ಅಕ್ಕ ತೆಗೆಯಲಿಲ್ಲ. ಆಕೆ ಮಜ್ಜಿಗೆ ತಂದುಕೊಟ್ಟು, ಯಾವೂರು, ಯಾರ ಪೈಕಿ ಎಂದು ನಮ್ಮ ಕಡೆಯ ರೀತಿಯಲ್ಲಿ ವಿಚಾರಣೆ ನಡೆಸಿದರು. ನಾವು ಹುಟ್ಟಿದ ಊರಿನ ಹೆಸರು ಕೇಳಿ ಅವರ ಮುಖ ಅರಳಿತು. ಅವರ ತಾಯಿಯ ತವರು ಅದರ ಪಕ್ಕದ ಊರಂತೆ.

“ನಮ್ ಕಡೆ ಎಣ್ಮಕ್ಳು ಬಿಸ್ಲಲ್ಲಿ ಸೈಕಲ್ ತುಳ್ಕಂಡ್ ಬಂದವ್ರೆ. ಬರಿಮಡ್ಲಲ್ಲಿ ಕಳ್ಸಕಾಯ್ತದಾ?” ಎಂದು ಎದ್ದು ಒಳಗೆ ಹೋದರು.

ನಾನು ಅಕ್ಕನ ಕಡೆ ನೋಡಿದೆ. ಅವಳು ಎದ್ದು ಟೈರಿನ ಕಡೆ ಹೊರಟಿದ್ದಳು. ಆದರೆ ಆಕೆ ಅಷ್ಟರಲ್ಲೇ ಮೊರ ಹಿಡಿದು ಬಂದವರು ನೇರ ಅಕ್ಕನ ಮುಂದೆ ಹೋಗಿ ನಿಂತರು. ದೊಡ್ಡವಳಿಗೆ ಮೊದಲು ಎಂಬ ಲೆಕ್ಕ. ಕುಂಕುಮದ ಭರಣಿ ಚಾಚಿದರು. ಅಕ್ಕ ಮಸಿಯಾದ ಎರಡೂ ಅಂಗೈ ತೋರಿಸಿದಳು. “ಇರ್ಲಿ ಬುಡಿ, ನಾನೇ ಇಡ್ತೀನಿ” ಎಂದ ಆಕೆ ಹಣೆ ಹುಡುಕಿದರು. ಹೆಲ್ಮೆಟ್ಟು, ಅದರ ಕೆಳಗೆ ಬಟ್ಟೆ. ಕಣ್ಣು ಕೆಳಗಿಳಿದು ಕತ್ತಿನ ಹಳದಿ ದಾರದ ಮೇಲೆ ನಿಂತಿತು. ಎರಡು ಬೆರಳಲ್ಲಿ ಕುಂಕುಮ ತೆಗೆದು, ಸೈಕಲ್ ಬೀಗದ ಕೀಲಿಯ ಆ ದಾರಕ್ಕೆ ಭಕ್ತಿಯಿಂದ ಹಚ್ಚಿದರು. ಅಕ್ಕ ಅಲ್ಲಾಡಲಿಲ್ಲ. ಮಡಿಲೊಡ್ಡಿ ಎಂದಾಗ ಕುರ್ತಾದ ಮುಂಭಾಗವನ್ನು ಎರಡು ಕೈಯಲ್ಲಿ ಹಿಡಿದು ಒಡ್ಡಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಎರಡು ಬಾಳೆಹಣ್ಣು ಬಿದ್ದವು.

ಆಮೇಲೆ ಆಕೆ ನನ್ನ ಕಡೆ ತಿರುಗಿದರು. ಅವರ ಕಣ್ಣು ನನ್ನ ಬೋಳು ಹಣೆಗೆ ಬಂತು, ಅಲ್ಲಿಂದ ಬೋಳು ಕತ್ತಿಗೆ ಇಳಿಯಿತು, ಅಲ್ಲಿಂದ ಪಕ್ಕದ ಹುಣಸೆಹಣ್ಣಿನ ರಾಶಿಗೆ ಹೋಯಿತು. ಮೊರವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡರು. ದನಿ ತಗ್ಗಿಸಿ, “ನೀವ್ ಇನ್ನೊಂದ್ ಲೋಟ ಮಜ್ಗೆ ಕುಡೀರವ್ವ” ಎಂದರು.

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದದ್ದೇ ತಡ, ಮೈಯೆಲ್ಲ ಉರಿದುಹೋಯಿತು. ನನ್ನ ಗಂಡ ಮೈಸೂರಿನಲ್ಲಿ ಸೋಫಾದ ಮೇಲೆ ಮಲಗಿ ಕ್ರಿಕೆಟ್ ನೋಡುತ್ತಿದ್ದಾರೆ ಕಣ್ರೀ ಎನ್ನಲು ಬಾಯಿ ತೆರೆದೆ. ಆಕೆಯ ಹಿಂದೆ ನಿಂತಿದ್ದ ಅಕ್ಕ ಮಡಿಲಕ್ಕಿ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ಬೇಡ ಎಂದು ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದಳು. ನಾನು ಬಾಯಿ ಮುಚ್ಚಿ ಇನ್ನೊಂದು ಲೋಟ ಮಜ್ಜಿಗೆ ಕುಡಿದೆ. ಆಕೆ ಮತ್ತೆ ನನ್ನ ಮುಖ ನೋಡಲಿಲ್ಲ. ಅದು ತಿರಸ್ಕಾರವಲ್ಲ, ಕನಿಕರ. ಅದಕ್ಕೇ ಹೆಚ್ಚು ನೋಯುತ್ತಿತ್ತು.

ಊರು ದಾಟಿದ ಮೇಲೆ ನಾನು ಸೈಕಲ್ ನಿಲ್ಲಿಸಿ ಕೂಗಾಡಿದೆ. ಗಂಡ ಬದುಕಿರುವಾಗಲೇ ನನಗೆ ಹೀಗೆ ಮಾಡಿದರಲ್ಲ, ನೀನಾದರೂ ಹೇಳಬಾರದಿತ್ತಾ, ಎಷ್ಟು ಅವಮಾನ ಎಂದೆ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸೈಕಲ್ಲನ್ನು ಹೊಂಗೆಮರಕ್ಕೆ ಒರಗಿಸಿ, ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಕುಂಕುಮ ಹತ್ತಿದ ಕತ್ತಿನ ದಾರ ಎಳೆದು ಕೀಲಿ ತೋರಿಸಿ, ಈ ಸೈಕಲ್ಲು ನೂರು ವರ್ಷ ಬಾಳಲಿ ಎಂದು ಮತ್ತೆ ನಕ್ಕಳು. ನನಗೂ ನಗು ಬಂತು. ನಗು ನಿಂತ ಮೇಲೆ ಹೇಳಿದಳು.

“ಐದು ನಿಮಿಷಕ್ಕೇ ಹಿಂಗಾಡ್ತೀಯಲ್ಲೇ. ನನಗೆ ನಾಲ್ಕು ವರ್ಷ ಆಯ್ತು.”

ಅವಳು ಅದನ್ನು ನೋಯಿಸಲು ಹೇಳಲಿಲ್ಲ. ನನಗೆ ಮಾತ್ರ ಹೋದ ವರ್ಷದ ನನ್ನ ಮಗಳ ಸೀಮಂತ ಕಣ್ಮುಂದೆ ಬಂತು. ಹೆಂಗಸರೆಲ್ಲ ತಟ್ಟೆ ಹಿಡಿದು ಸಾಲಾಗಿ ನಿಂತಾಗ, ಮಗಳ ಪಕ್ಕದಲ್ಲೇ ಕೂತಿದ್ದ ಅಕ್ಕನಿಗೆ ನಾನೇ ಹೇಳಿದ್ದೆ, ಒಳಗೆ ಹಾಲು ಉಕ್ಕುತ್ತಾ ನೋಡು ಎಂದು. ಒಲೆಯ ಮೇಲೆ ಹಾಲಿರಲಿಲ್ಲ. ಅದು ನನಗೂ ಗೊತ್ತಿತ್ತು, ಹೋಗಿ ನೋಡಿದ ಅವಳಿಗೂ ಗೊತ್ತಾಯಿತು. ಶಾಸ್ತ್ರ ಮುಗಿಯುವ ತನಕ ಅವಳು ಆ ಖಾಲಿ ಒಲೆಯ ಮುಂದೆ ನಿಂತಿದ್ದಳು. ಯಾರೂ ಏನೂ ಅನ್ನುವ ಮೊದಲೇ ನನ್ನ ಅಕ್ಕನನ್ನು ಎಬ್ಬಿಸಿದವಳು ನಾನು. ಆ ಹೊಂಗೆಮರದ ಕೆಳಗೆ ಇದನ್ನು ಅವಳಿಗೆ ಹೇಳಿ, ತಪ್ಪಾಯಿತು ಎಂದೆ. ಅಕ್ಕ ಕುರ್ತಾಕ್ಕೆ ಒರೆಸಿ ಒಂದು ಬಾಳೆಹಣ್ಣು ಕೊಟ್ಟಳು. ಅವಳ ಮಡಿಲಿಗೆ ಬಿದ್ದಿದ್ದ ಹಣ್ಣು. ಇಬ್ಬರೂ ತಿಂದೆವು.

ಆ ಅಕ್ಕಿಯನ್ನು ಮಾತ್ರ ಅವಳು ನನ್ನ ಅಕ್ಕಿಯ ಗಂಟಿಗೆ ಸೇರಿಸಲಿಲ್ಲ. ತನ್ನ ಟವಲಿನಲ್ಲಿ ಬೇರೆ ಕಟ್ಟಿ ಮುಂದಿನ ಬುಟ್ಟಿಯಲ್ಲಿಟ್ಟುಕೊಂಡಳು.

ಮುಡುಕುತೊರೆ ಬೆಟ್ಟ ಹತ್ತಿ ದರ್ಶನ ಮಾಡಿ ಇಳಿದೆವು. ಬುಡದಲ್ಲಿ ಸೌತೆಕಾಯಿ ಮಾರುತ್ತಿದ್ದರು. ಉಪ್ಪು ಖಾರ ಹಚ್ಚಿದ ಹೋಳು ತಿನ್ನುತ್ತ ಅಕ್ಕ ಸೋಸಲೆ ಕಡೆಗೆ ಹೋಗುವ ರಸ್ತೆಯನ್ನೇ ನೋಡುತ್ತಿದ್ದಳು. ನಾನು ಈ ಸಲ ಬಾಯಿ ತುಂಬ ಸೌತೆಕಾಯಿ ಇಟ್ಟುಕೊಂಡೆ. ಅತ್ತೆಗೆ ಈಗ ಕಣ್ಣು ಹೇಗಿದೆಯೋ ಎಂದಳು. ಹೋಳು ಮುಗಿಸಿ, ಎದ್ದು ಹೋಗಬೇಕಾದರೆ ಹೋದರಾಯಿತು, ಅಷ್ಟಕ್ಕೆ ಅವಳನ್ನೇ ನೋಡದೆ ಇರುವುದು ಯಾವ ನ್ಯಾಯ ಎಂದು ತನಗೆ ತಾನೇ ಹೇಳಿಕೊಂಡಳು. ಸೈಕಲ್ ಹತ್ತಿ ಆ ಕಡೆಗೇ ತಿರುಗಿಸಿದಳು. ಕಂಡಕ್ಟರು ಹೇಳಿದ್ದು ನಿಜ, ರಸ್ತೆ ಚೆನ್ನಾಗಿತ್ತು. ಮುಂದೆ ಹೋಗುತ್ತಿದ್ದವಳ ಭುಜ ಮಾತ್ರ ಬಿಗಿಯಾಗಿತ್ತು. ಅವಳು ಹೆದರಿದ್ದಾಳೆ ಎಂದು ನನಗೆ ಹಿಂದಿನಿಂದಲೇ ಗೊತ್ತಾಗುತ್ತಿತ್ತು.

ನಾನು ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿಕೊಂಡೆ. ಮೊರ ಬಂದ ತಕ್ಷಣ ಎದ್ದು ನಿಂತು, ನನ್ನ ಅಕ್ಕನಿಗೆ ಹಾಕದಿದ್ದರೆ ನನಗೂ ಬೇಡ ಎಂದು ಶುರುಮಾಡಿ, ಕಾನೂನು, ಕಾಲ, ಶರಣರು ಎಲ್ಲವನ್ನೂ ಎಳೆದು ತರುವುದು ಎಂದುಕೊಂಡೆ.

ಅತ್ತೆ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಳು. ಅಕ್ಕ ಹೆಲ್ಮೆಟ್ಟು, ಬಟ್ಟೆ ಎಲ್ಲ ತೆಗೆದು ಕಾಲಿಗೆ ಬಿದ್ದಳು. ಅತ್ತೆ ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ಹತ್ತಿರಕ್ಕೆಳೆದು ನೋಡಿ, ನಾಲ್ಕು ವರ್ಷದ ಬೈಗುಳವನ್ನು ಒಟ್ಟಿಗೆ ಬೈದಳು. ತಾನು ಸತ್ತ ಮೇಲೆ ಕಾರು ಮಾಡಿಕೊಂಡು ಬರುತ್ತಿದ್ದೆಯಾ ಎಂದು ಕೇಳಿದಳು. ಆಮೇಲೆ ಗೇರ್ ಸೈಕಲ್ಲನ್ನು ಹತ್ತಿರ ತರಿಸಿಕೊಂಡು, ಸೀಟು ಇಷ್ಟು ಸಣ್ಣಗಿದ್ದರೆ ಕೂರುವುದು ಹೇಗೆ ಎಂದು ವಿಚಾರಿಸಿದಳು. ಅವಳ ಸೊಸೆ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಅಕ್ಕ ಎರಡು ಮುದ್ದೆ ಉಂಡಳು. ಊಟವಾದ ಮೇಲೆ ಅತ್ತೆ ನಮ್ಮಿಬ್ಬರ ನಡುವೆ ಕೂತು, ಅಕ್ಕನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಿಟ್ಟರೆ ಓಡಿಹೋಗುತ್ತಾಳೆ ಎನ್ನುವಂತೆ ಹಿಡಿದುಕೊಂಡಿದ್ದಳು. ಅಷ್ಟು ಸಂತೋಷವಾಗಿದ್ದ ಅಕ್ಕನನ್ನು ನಾನು ಭಾವ ಹೋದ ಮೇಲೆ ನೋಡಿರಲಿಲ್ಲ.

ಬಿಸಿಲು ಇಳಿಯುವುದರೊಳಗೆ ನರಸೀಪುರ ಸೇರಬೇಕಿತ್ತು, ಹೊರಡುತ್ತೇವೆ ಎಂದೆವು. ಒಂದ್ನಿಮಿಷ ಅಕ್ಕಾ ಎಂದು ಸೊಸೆ ಒಳಗೆ ಹೋದಳು. ಒಳಗೆ ಅಕ್ಕಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು. ಅಕ್ಕ ತಲೆ ತಗ್ಗಿಸಿದಳು. ನಾನು ಭಾಷಣದ ಮೊದಲ ಸಾಲನ್ನು ನಾಲಿಗೆಯ ತುದಿಗೆ ತಂದುಕೊಂಡೆ. ಸೊಸೆ ಮೊರ ಹಿಡಿದು ಬಾಗಿಲಿಗೆ ಬಂದಳು.

ಆಗ ಎದ್ದವಳು ಅಕ್ಕನಲ್ಲ. ಅತ್ತೆ. ಅಕ್ಕನ ಕೈ ಬಿಟ್ಟು, ಮಂಡಿಗೆ ಅಂಗೈ ಊರಿ, ಕಷ್ಟಪಟ್ಟು ಏಳುತ್ತಿದ್ದಳು.

“ಕರ ಏನ್ ಮಾಡ್ತದೋ ನೋಡ್ಕಬತ್ತೀನಿ” ಎಂದಳು.

ಕೊಟ್ಟಿಗೆಯಲ್ಲಿ ಕರುವಿರಲಿಲ್ಲ. ಬರುವಾಗಲೇ ನೋಡಿದ್ದೆ, ಸೌದೆ ಒಟ್ಟಿದ್ದರು. ಮೂವತ್ತು ವರ್ಷದಿಂದ ಈ ಮನೆಯಲ್ಲಿ ನಮ್ಮ ಮಡಿಲಿಗೆ ಅಕ್ಕಿ ಬೀಳುವಾಗಲೆಲ್ಲ ಅತ್ತೆ ಹೀಗೇ ಎದ್ದು ಹೋಗುತ್ತಿದ್ದಳು. ಒಮ್ಮೆ ಕರು, ಒಮ್ಮೆ ಒಲೆ, ಒಮ್ಮೆ ಬೀದಿಯಲ್ಲಿ ಯಾರೋ ಕೂಗಿದಂತಾಯಿತು. ನಾನೂ ಅಕ್ಕನೂ ನಗುತ್ತ ಸೆರಗೊಡ್ಡುತ್ತಿದ್ದೆವು. ಅವಳು ಎಲ್ಲಿಗೆ ಹೋದಳು ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ತನ್ನ ನಾಲ್ಕು ವರ್ಷವನ್ನು ಎಣಿಸುತ್ತಿದ್ದ ಅಕ್ಕ ಕೂಡ ಇದನ್ನು ನೋಡಿರಲಿಲ್ಲ. ಈಗ ನೋಡಿದಳು. ಅವಳ ಮುಖದಲ್ಲಿ ಅದು ತಿಳಿದದ್ದು ನನಗೆ ಕಂಡಿತು.

“ಅತ್ತೆ, ಎಲ್ಲಿಗೂ ಹೋಗಬೇಡ. ಕೂತ್ಕೊ” ಎಂದಳು.

ಅತ್ತೆ ಅರ್ಧ ಎದ್ದವಳು ಹಾಗೇ ನಿಂತಳು. ಅಕ್ಕ ಅವಳ ತೋಳು ಹಿಡಿದು ಕೂರಿಸಿದಳು. ಸೊಸೆಯ ಹತ್ತಿರ ಹೋಗಿ ಮೊರಕ್ಕೆ ಕೈ ಚಾಚಿದಳು. ಸೊಸೆ ಗಾಬರಿಯಿಂದ ನನ್ನ ಕಡೆ ನೋಡಿದಳು. ನನ್ನ ಭಾಷಣವೆಲ್ಲ ಎಲ್ಲಿ ಹೋಯಿತೋ, ಕೊಡಮ್ಮ ಎಂದಷ್ಟೇ ಹೇಳಲಾಯಿತು. ಅಕ್ಕ ಅತ್ತೆಯ ಮುಂದೆ ಮಂಡಿಯೂರಿ ಕೂತು, ಅವಳ ಸೆರಗಿನ ತುದಿ ಬಿಡಿಸಿ ಮಡಿಲ ಮೇಲೆ ಹರಡಿದಳು. ಕುಂಕುಮದ ಭರಣಿ ಮುಟ್ಟಲಿಲ್ಲ. ಮೊರದಲ್ಲಿದ್ದ ಅಕ್ಕಿಯನ್ನು ಬೊಗಸೆಯಲ್ಲಿ ತೆಗೆದು ಮೆಲ್ಲಗೆ ಸುರಿದಳು. ಬೆಲ್ಲ ಇಟ್ಟಳು, ಕೊಬ್ಬರಿ ಇಟ್ಟಳು, ಎಲೆ ಅಡಿಕೆ ಇಟ್ಟಳು.

ಅತ್ತೆ ಬೇಡ ಎನ್ನಲಿಲ್ಲ. ಒಂದು ಕಾಳೂ ಚೆಲ್ಲಬಾರದೆಂದು ಸೆರಗಿನ ಎರಡು ಅಂಚನ್ನೂ ಬಿಗಿಯಾಗಿ ಹಿಡಿದು ಅದನ್ನೇ ನೋಡುತ್ತ ಕೂತಳು. ಮಡಿಲಕ್ಕಿ ಹಾಕಿಸಿಕೊಂಡವಳು ಏಳುವ ಮೊದಲು ಕೊಟ್ಟವರ ಮೊರಕ್ಕೆ ಕೆಲವು ಹಿಡಿ ಅಕ್ಕಿಯನ್ನು ತಿರುಗಿ ಹಾಕಬೇಕು, ಆ ಮನೆ ಬರಿದಾಗಬಾರದು ಎಂದು ಹಾಗೆ ಮಾಡುತ್ತಾರೆ. ಅತ್ತೆ ಅಕ್ಕಿಯೊಳಗೆ ಕೈ ಇಟ್ಟು, ಒಂದು ಹಿಡಿ ತುಂಬಿಕೊಂಡು, ತಡೆದಳು.

“ಎಷ್ಟ್ ಇಡಿ ವಾಪಸ್ ಆಕ್ಬೇಕವ್ವ? ನಂಗೆ ಮರ್ತೋಗದೆ” ಎಂದು ಅಕ್ಕನನ್ನು ಕೇಳಿದಳು.

ಮೂರು ಎಂದಳು ಅಕ್ಕ.

ಅತ್ತೆ ಒಂದು ಹಿಡಿ ಮೊರಕ್ಕೆ ಹಾಕಿದಳು, ಎರಡನೆಯದನ್ನೂ ಹಾಕಿದಳು. ಮೂರನೇ ಹಿಡಿಯನ್ನು ಮೊರಕ್ಕೆ ಹಾಕಲಿಲ್ಲ. ಎದುರಿಗೆ ಮಂಡಿಯೂರಿದ್ದ ಅಕ್ಕನ ಕುರ್ತಾದ ಅಂಚನ್ನು ಎಳೆದು ಮಡಿಲು ಮಾಡಿ, ಅದರೊಳಗೆ ಹಾಕಿದಳು.